ದೀಪಾವಳಿಗೆ ಯಾರೋ ಉಟ್ಟ ಬಟ್ಟೆ: ನಮ್ಮ ಮನೆಯ ಪದ್ಧತಿ ತಪ್ಪಾ?

ಕುಂಬ್ಳೆಯವಳು:
ಇಷ್ಟು ವರ್ಷ ಇದನ್ನು ಹೊರಗೆ ಹೇಳಿರಲಿಲ್ಲ. ಈ ಸಲ ಮನೆಯಲ್ಲಿ ದೊಡ್ಡ ರಾಮಾಯಣ ಆಗಿದೆ. ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ಆರು ವರ್ಷದಿಂದ ನಮ್ಮ ಮನೆಯಲ್ಲಿ ದೀಪಾವಳಿ ಬಟ್ಟೆ ಅಂದರೆ ಸೆಕೆಂಡ್ ಹ್ಯಾಂಡ್ ಬಟ್ಟೆ. ಹಬ್ಬಕ್ಕೆ ಮೂರು ವಾರ ಇರುವಾಗ ಒಂದು ದಿನ ಬೆಳಗ್ಗಿನ ರೈಲಿಗೆ ನಾವು ನಾಲ್ಕೂ ಜನ ಮಂಗಳೂರಿಗೆ ಹೋಗುತ್ತೇವೆ. ಅಲ್ಲಿ ಮಹಡಿ ಮೇಲೆ ಒಂದು ಅಂಗಡಿ. ಬೋರ್ಡು ಸಣ್ಣದು, ರಾಶಿ ದೊಡ್ಡದು. ತಲೆಗೆ 400 ರೂಪಾಯಿ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಯಾರೂ ತಮ್ಮ ಬಟ್ಟೆ ತಾವೇ ಆರಿಸುವ ಹಾಗಿಲ್ಲ. ರೈಲಿನಲ್ಲೇ ಚೀಟಿ ಎತ್ತುತ್ತೇವೆ. ಯಾರ ಹೆಸರು ಬಂತೋ ಅವರಿಗೆ ಹುಡುಕಬೇಕು. ಮನೆಗೆ ಬರುವವರೆಗೆ ತೋರಿಸಬಾರದು. ಕಳೆದ ವರ್ಷ ಮಗಳಿಗೆ ಅಪ್ಪನ ಚೀಟಿ ಬಂತು. ಗಿಳಿಹಸಿರು ಜುಬ್ಬಾ ತಂದಳು, ಎದೆ ತುಂಬಾ ಕನ್ನಡಿ. ಇವರು ಅದನ್ನೇ ಹಾಕಿಕೊಂಡು ಗೋಪೂಜೆಗೆ ಹೋದರು. ದನ ಎರಡು ಹೆಜ್ಜೆ ಹಿಂದೆ ಸರಿಯಿತು.

ತಂದದ್ದನ್ನು ಬಿಸಿನೀರಿಗೆ ಹಾಕಿ ಒಗೆದು, ಎರಡು ಬಿಸಿಲು ಕಾಣಿಸಿ, ಬೇಕಾದರೆ ಆಲ್ಟ್ರೇಷನ್ ಮಾಡಿಸುತ್ತೇವೆ. ಚತುರ್ದಶಿ ದಿನ ಎಣ್ಣೆಸ್ನಾನ ಆದ ಮೇಲೆ ಮೂಲೆಗೆ ಅರಿಶಿನ ಹಚ್ಚಿ, ದೇವರ ಎದುರು ಇಟ್ಟು, ಆಮೇಲೆ ಹಾಕಿಕೊಳ್ಳುವುದು. ಅರಿಶಿನದ ವಿಷಯದಲ್ಲಿ ಹೊಸದು, ಹಳೆಯದು ಅಂತ ನಾವು ಭೇದ ಮಾಡಿಲ್ಲ.

ಅತ್ತೆ ಇಷ್ಟು ವರ್ಷ ಮೈದುನನ ಮನೆಯಲ್ಲಿದ್ದರು. ಅವರಿಗೆ ಇದು ಗೊತ್ತಿರಲಿಲ್ಲ. ಈ ವರ್ಷ ನಮ್ಮಲ್ಲಿಗೆ ಬಂದಿದ್ದಾರೆ. ಮೊನ್ನೆ ಊಟದ ಹೊತ್ತಿಗೆ ಮಗ ಬಾಯಿಬಿಟ್ಟ. "ಅಜ್ಜಿ, ಈ ಸಲ ನಿಮ್ಮ ಹೆಸರಿನದ್ದೂ ಒಂದು ಚೀಟಿ ಮಾಡುವ" ಅಂದ. ಎಲ್ಲ ಕೇಳಿದ ಮೇಲೆ ಅತ್ತೆ ಅಂದದ್ದು ಇಷ್ಟೇ: "ಯಾರೋ ಉಟ್ಟು ಬಿಟ್ಟದ್ದನ್ನು ಹಬ್ಬದ ದಿನ ಉಡುವುದಾ? ನಮ್ಮ ಮನೆಗೆ ಅಷ್ಟು ಬಡತನ ಬಂತಾ?" ಮತ್ತೆ ಮಾತಿಲ್ಲ. ಮಜ್ಜಿಗೆ ಅನ್ನವನ್ನೂ ಅರ್ಧಕ್ಕೆ ಬಿಟ್ಟು ಎದ್ದರು.

ದುಡ್ಡು ಉಳಿಸಲಿಕ್ಕೆ ಮಾಡುವುದಲ್ಲ ಇದು. ಶುರುವಾದದ್ದು ಒಂದು ವರ್ಷ ಕೈ ಬಿಗಿ ಇದ್ದಾಗ, ಅದು ನಿಜ. ಆಮೇಲೆ ಮಕ್ಕಳೇ ಬಿಡಲಿಲ್ಲ. ಈಗ ಹೇಳಿ, ಬಿಟ್ಟುಬಿಡಬೇಕಾ?

ಪೆರ್ಲದ ಅಡಕೆ ಮಾವ:
ದನ ಹಿಂದೆ ಸರಿದದ್ದಕ್ಕೆ ಹಳೆ ಬಟ್ಟೆ ಕಾರಣ ಅಲ್ಲ ಮಗಳೇ, ಕನ್ನಡಿ ಕಾರಣ. ಅದಕ್ಕೆ ಅದರ ಮುಖವೇ ಹತ್ತು ಕಡೆ ಕಂಡಿರಬೇಕು.

ನಮ್ಮ ಕಾಲದಲ್ಲಿ ಕೂಡುಕುಟುಂಬ, ಹದಿನಾಲ್ಕು ಮಕ್ಕಳು. ಅಜ್ಜ ಪುತ್ತೂರಿನಿಂದ ಒಂದೇ ಥಾನು ಬಟ್ಟೆ ತರುತ್ತಿದ್ದರು. ಟೈಲರ್ ಮಿಷನ್ ಹೊತ್ತುಕೊಂಡು ಬಂದು ಜಗಲಿಯಲ್ಲಿ ಮೂರು ದಿನ ಕೂರುತ್ತಿದ್ದ. ಹುಡುಗರಿಗೆ ಅಂಗಿ, ಹುಡುಗಿಯರಿಗೆ ಲಂಗ, ಉಳಿದದ್ದರಲ್ಲಿ ದಿಂಬಿನ ಚೀಲ. ಹಬ್ಬದ ದಿನ ಸಾಲಾಗಿ ನಿಂತರೆ ಬ್ಯಾಂಡ್ ಸೆಟ್‌ನವರ ಹಾಗೆ ಕಾಣುತ್ತಿದ್ದೆವು. ಚಂದ ಇತ್ತಾ ಅಂದರೆ ಇರಲಿಲ್ಲ. ಆದರೆ ಹೊಸದು. ಗಂಜಿ ಹಾಕಿದ ಹೊಸ ಬಟ್ಟೆಗೆ ಒಂದು ವಾಸನೆ ಉಂಟಲ್ಲ, ಹಂಡೆ ಒಲೆಯ ಹೊಗೆ ಮತ್ತು ಆ ವಾಸನೆ ಸೇರಿದರೇ ನನಗೆ ದೀಪಾವಳಿ. ನಿಮ್ಮ ಅತ್ತೆಯ ಕಡೆಗೆ ನನ್ನ ಓಟು.

ಮಡಿವಂತ:
ಭಾವನೆಯ ಮಾತು ಬಿಡಿ. ಶಾಸ್ತ್ರ ಈ ವಿಷಯದಲ್ಲಿ ಸ್ಪಷ್ಟ ಇದೆ. ಶುಭಕಾರ್ಯಕ್ಕೆ ಹೇಳಿದ್ದು ಅಹತ ವಸ್ತ್ರ. ಅಂದರೆ ಹೊಸದು, ಒಂದು ಸಲ ನೀರು ಕಂಡದ್ದು, ಯಾರೂ ಉಡದೇ ಇದ್ದದ್ದು. ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಂತೂ ಬೇರೆಯವರು ತೊಟ್ಟ ಚಪ್ಪಲಿ, ಬಟ್ಟೆ ತೊಡಬಾರದು ಅಂತಲೇ ಇದೆ. ಆಡಿಕೊಳ್ಳುವವರು ಆಡಿಕೊಳ್ಳಿ. ದೇವರ ಎದುರು ಇಡುವಾಗಲಾದರೂ ಯೋಚನೆ ಮಾಡಬೇಡವಾ?

ನೈಟ್ ಡ್ಯೂಟಿ:
ನಾನು ನರ್ಸ್. ಶಾಸ್ತ್ರ ಗೊತ್ತಿಲ್ಲ, ಕಜ್ಜಿ ಗೊತ್ತು. ಹಳೆ ಬಟ್ಟೆ ಅಂದ ಕೂಡಲೇ ಎಲ್ಲರಿಗೂ ಹೆದರಿಕೆ ತುರಿಕಜ್ಜಿಯದ್ದು. ಅದರ ಹುಳ ಮನುಷ್ಯರ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. 50 ಡಿಗ್ರಿಗಿಂತ ಬಿಸಿ ನೀರಿನಲ್ಲಿ ಹತ್ತು ನಿಮಿಷ ಹಾಕಿದರೆ ಅಲ್ಲಿಗೇ ಮುಗಿಯಿತು. ಬಿಸಿನೀರು ತಡೆಯದ ರೇಷ್ಮೆ, ಉಣ್ಣೆ ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿ ಕಟ್ಟಿ ಒಂದು ವಾರ ಇಡಿ. ಒಳಉಡುಪು, ಟೊಪ್ಪಿ ಮಾತ್ರ ತರಬೇಡಿ. ಮತ್ತೆ ಅಂಗಡಿಯ ಹೊಸ ಚೂಡಿದಾರನ್ನು ಟ್ರಯಲ್ ರೂಮಿನಲ್ಲಿ ನಿಮಗಿಂತ ಮೊದಲು ಎಷ್ಟು ಜನ ಹಾಕಿ ನೋಡಿದ್ದಾರೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದೀರಾ?

ಹಳೆಪುಸ್ತಕ:
ಮಡಿವಂತರೇ, ನೀವು ಹೇಳಿದ ಶ್ಲೋಕ ನಾಲ್ಕನೇ ಅಧ್ಯಾಯದ 66ನೆಯದು. ಅರ್ಧಕ್ಕೇ ನಿಲ್ಲಿಸಿದಿರಲ್ಲ, ಪೂರ್ತಿ ಹೇಳಿ. ಚಪ್ಪಲಿ, ಬಟ್ಟೆ ಆದ ಮೇಲೆ ಅದೇ ಪಟ್ಟಿಯಲ್ಲಿ ಜನಿವಾರ, ಹೂಮಾಲೆ, ಕಮಂಡಲು ಬರುತ್ತದೆ. ನಡುವೆ ಒಡವೆಯೂ ಬರುತ್ತದೆ. ಬೇರೆಯವರು ತೊಟ್ಟ ಒಡವೆ ತೊಡಬಾರದು! ಈಗ ಹೇಳಿ, ನಿಮ್ಮ ಮನೆಯಲ್ಲಿ ಅಜ್ಜಿಯ ಬೆಂಡೋಲೆ, ಅತ್ತೆಯ ಬಳೆ ಯಾರೂ ಹಾಕುವುದಿಲ್ಲವಾ? ಮದುವೆಗೆ ಅಂತ ಅಕ್ಕಪಕ್ಕದ ಮನೆಯಿಂದ ಸರ ತಂದು ಹಾಕಿಲ್ಲವಾ? ಚಿನ್ನ ಆದರೆ ಮೈಲಿಗೆ ಇಲ್ಲ, ಹತ್ತಿ ಆದರೆ ಇದೆ ಅನ್ನುವುದು ಯಾವ ಅಧ್ಯಾಯದಲ್ಲಿದೆ?

ಮಡಿವಂತ:
ಚಿನ್ನ ತೊಳೆದರೆ ಶುದ್ಧ. ಅದೂ ಶಾಸ್ತ್ರವೇ.

ಹಳೆಪುಸ್ತಕ:
ಬಟ್ಟೆಯನ್ನೂ ತೊಳೆದಿದ್ದಾರೆ. ಎರಡು ಬಿಸಿಲು ಕಾಣಿಸಿದ್ದಾರೆ. ನಮ್ಮ ಕಡೆಯ ದೇವಿ ಗುಡಿಗಳಲ್ಲಿ ದೇವಿಗೆ ಉಡಿಸಿದ ಸೀರೆಯನ್ನು ಏಲಂ ಕೂಗಿದಾಗ ಮುಗಿಬಿದ್ದು ತರುವುದಿಲ್ಲವಾ? ಪ್ರಸಾದ ಅಂತ ಮಗಳ ಸೀಮಂತಕ್ಕೆ ಉಡಿಸುವುದಿಲ್ಲವಾ?

ಮಡಿವಂತ:
ದೇವಿಯನ್ನು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಎಳೆಯಬೇಡಿ. ಆದರೆ ಒಡವೆಯ ಮಾತಿಗೆ ನನ್ನ ಹತ್ತಿರ ಸದ್ಯಕ್ಕೆ ಉತ್ತರ ಇಲ್ಲ. ನೋಡಿ ಹೇಳುತ್ತೇನೆ.

ಮೊಗ್ರಾಲ್ ಹೊಳೆ:
ನಮ್ಮಲ್ಲಿ ಪೆರ್ನಾಳ್‌ಗೆ, ಅಂದರೆ ಈದ್ ಹಬ್ಬಕ್ಕೆ, ಇದೇ ಚರ್ಚೆ. ಧರ್ಮದಲ್ಲಿ ಹೇಳಿದ್ದು ಹಬ್ಬದ ದಿನ ಇದ್ದದ್ದರಲ್ಲಿ ಒಳ್ಳೆಯದನ್ನು ಹಾಕಿ ಅಂತ. ಹೊಸದೇ ಆಗಬೇಕು ಅಂತ ಇಲ್ಲ. ಆದರೆ ಕಾಸರಗೋಡು ಪೇಟೆಯಲ್ಲಿ ರಂಜಾನಿನ ಕೊನೆಯ ಹತ್ತು ದಿನ ರಾತ್ರಿ ಒಂದು ಗಂಟೆಗೆ ಹೋಗಿ ನೋಡಿ, ಕಾಲಿಡಲು ಜಾಗ ಇರುವುದಿಲ್ಲ. ಗಲ್ಫಿನಿಂದ ಪೆಟ್ಟಿಗೆ ಬರುವ ಮನೆಯಲ್ಲಿ ಇನ್ನೊಂದು ಕತೆ. ಚಿಕ್ಕಪ್ಪ ಅಲ್ಲಿ ಎರಡು ಸಲ ಹಾಕಿದ ಅಂಗಿ ಇಲ್ಲಿ "ಫಾರಿನ್ ಅಂಗಿ" ಆಗುತ್ತದೆ. ಅದನ್ನು ನಾವು ಹಳೆಯದು ಅಂತ ಒಪ್ಪಿಕೊಂಡದ್ದೇ ಇಲ್ಲ. ಸೆಂಟಿನ ವಾಸನೆ ಇತ್ತಲ್ಲ!

ನ್ಯೂಜೆರ್ಸಿಯಿಂದ:
ನಾನು ಬದಿಯಡ್ಕದವ. ಇಲ್ಲಿಗೆ ಬಂದು ಹನ್ನೊಂದು ವರ್ಷ. ಇಲ್ಲಿ ಡಿಸೆಂಬರ್ ಬಂತು ಅಂದರೆ ಥ್ರಿಫ್ಟ್ ಅಂಗಡಿಯಲ್ಲಿ, ಅಂದರೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ, ಜಾತ್ರೆ. ಕ್ರಿಸ್‌ಮಸ್ ಪಾರ್ಟಿಗೆ ಎಷ್ಟು ಕೆಟ್ಟ ಸ್ವೆಟರ್ ಹಾಕುತ್ತೀರೋ ಅಷ್ಟು ಮರ್ಯಾದೆ. ಮಿಣಿಮಿಣಿ ಬಲ್ಬು, ಹತ್ತಿಯ ಗಡ್ಡ, ಮೂಗು ಕೆಂಪಗಿರುವ ಜಿಂಕೆ. ಇಂಥ ಸ್ವೆಟರ್ ಪಾರ್ಟಿ 2002ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಶುರುವಾಯಿತು ಅನ್ನುತ್ತಾರೆ. ಈಗ ಆಫೀಸು, ಶಾಲೆ ಎಲ್ಲ ಕಡೆ ಇದೆ. ಕೆಲವು ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಹೋಗಿ ಹುಡುಕುತ್ತಾರೆ, ನಿಮ್ಮ ಹಾಗೇ ಬಜೆಟ್ ಇಟ್ಟುಕೊಂಡು. ನಮ್ಮ ಮನೆಯಲ್ಲೂ ಆರೇಳು ಡಾಲರ್ ಲೆಕ್ಕ.

ಇಲ್ಲಿಯ ದೊಡ್ಡ ಹೆಸರು ಗುಡ್‌ವಿಲ್. 1902ರಲ್ಲಿ ಬೋಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಶುರು ಮಾಡಿದ್ದು. ಉಳ್ಳವರ ಬೀದಿಗಳಿಂದ ಹಳೆ ಬಟ್ಟೆ, ಸಾಮಾನು ಕೂಡಿಸಿ ತಂದ. ಸೀದಾ ಬಡವರಿಗೆ ಹಂಚಲಿಲ್ಲ. ಅದನ್ನು ರಿಪೇರಿ ಮಾಡುವ ಕೆಲಸ ಅವರಿಗೆ ಕೊಟ್ಟು, ಸಂಬಳ ಕೊಟ್ಟು, ಸರಿಯಾದ ಬಟ್ಟೆಯನ್ನು ಅಂಗಡಿಯಲ್ಲಿಟ್ಟು ಮಾರಿದ. ಹಾಗಾಗಿ ಇಲ್ಲಿ ಕೊಳ್ಳುವವರಿಗೆ ನಾಚಿಕೆ ಕಡಿಮೆ. ಬಿಲ್ ಕೊಟ್ಟು ತರುತ್ತಾರೆ. ಕುಂಬ್ಳೆ ಅಕ್ಕಾ, ಬಿಡಬೇಡಿ. ಅತ್ತೆ ನಿಧಾನಕ್ಕೆ ಸರಿಯಾಗುತ್ತಾರೆ.

ಪೆರ್ಲದ ಅಡಕೆ ಮಾವ:
ಅಲ್ಲಿ ಬೇಕು ಅಂತಲೇ ಕೆಟ್ಟ ಬಟ್ಟೆ ಹುಡುಕುತ್ತಾರಾ? ನಮ್ಮ ಬ್ಯಾಂಡ್ ಸೆಟ್ ಅಂಗಿಗಳನ್ನು ಇಟ್ಟುಕೊಳ್ಳಬೇಕಿತ್ತು. ಡಾಲರಿಗೆ ಹೋಗುತ್ತಿತ್ತು.

ಸೀತಾಂಗೋಳಿ:
ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ (ಮೊರ), ಪಕ್ಕದಲ್ಲಿ ನೀರು ಚಿಮುಕಿಸಿದ ಎಲೆ. ಶನಿವಾರ ಬ್ರಾಂಚಿಗೆ ಕೊಟ್ಟು ಬರುವುದು. ಅಡಕೆ ಸುಲಿಯುವ ಕಾಲದಲ್ಲಿ ಒಂದು ದೊಡ್ಡ ಮನೆಗೂ ಹೋಗುತ್ತಿದ್ದರು. ನನ್ನ ಶಾಲೆಯ ಅಂಗಿಗಳೆಲ್ಲ ಆ ಮನೆಯದ್ದೇ. ಐದನೇ ಕ್ಲಾಸಿನಲ್ಲಿ ನೀಲಿ ಚೌಕಳಿ ಅಂಗಿ ಒಂದಿತ್ತು. ನನಗೆ ತುಂಬಾ ಇಷ್ಟ. ಒಂದು ದಿನ ಬೆಳಗ್ಗೆ ಅಸೆಂಬ್ಲಿಯಲ್ಲಿ ನಿಂತಿದ್ದಾಗ ಆ ಮನೆಯ ಹುಡುಗ ಹಿಂದಿನಿಂದ ಬಂದು ನನ್ನ ಕಿಸೆಗೆ ಬೆರಳು ಹಾಕಿ, "ಇದು ನನ್ನ ಅಂಗಿ, ಒಳಗೆ ಇಂಕಿನ ಕಲೆ ಉಂಟು ನೋಡು" ಅಂದ. ಅವನು ಕೆಟ್ಟವನಲ್ಲ. ಗುರುತು ಸಿಕ್ಕಿದ ಖುಷಿಯಲ್ಲಿ ಹೇಳಿದ್ದು. ಮರುದಿನದಿಂದ ನಾನು ಎದೆಗೆ ಪುಸ್ತಕ ಒತ್ತಿ ಹಿಡಿದುಕೊಂಡೇ ನಡೆದೆ. ಆ ವರ್ಷ ಪೂರ್ತಿ.

ನಮಗೆ ಹೊಸದು ಅಂತ ಬರುತ್ತಿದ್ದದ್ದು ವರ್ಷಕ್ಕೆ ಒಂದೇ, ಅಮ್ಮನ ಬೀಡಿ ಬೋನಸ್ ಬಂದಾಗ. ಹೊಸ ಅಂಗಿ ಬಿಚ್ಚುವಾಗ ಕಾಲರಿನ ಕೆಳಗೆ ರಟ್ಟಿನ ಪಟ್ಟಿ, ತೋಳಿನ ಹಿಂದೆ ಗುಂಡುಸೂಜಿ ಇರುತ್ತದಲ್ಲ? ಆ ಗುಂಡುಸೂಜಿಗಳನ್ನು ನಾನು ಪೌಡರ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೆ. ಒಂದು ಅಂಗಿಗೆ ಆರೋ ಏಳೋ. ನನಗಿಂತ ಮೊದಲು ಇದನ್ನು ಯಾರೂ ಹಾಕಿಲ್ಲ ಅನ್ನುವುದಕ್ಕೆ ಅವು ಸಾಕ್ಷಿ.

ನಿಮಗೆ ಇದು ಚೀಟಿ ಎತ್ತುವ ಆಟ. ಬೀರುವಿನಲ್ಲಿ ಬೇರೆ ಬಟ್ಟೆ ಇದೆ ಅನ್ನುವ ಧೈರ್ಯದಲ್ಲಿ ಆಡುವ ಆಟ. ಇಲ್ಲಿ ಎಲ್ಲರೂ ಮಡಿ, ಕಜ್ಜಿ, ಶ್ಲೋಕ ಅಂತ ಹೊಡೆದಾಡುತ್ತಿದ್ದೀರಿ. ನಿಮ್ಮ ಅತ್ತೆ ಮಡಿಯ ಮಾತು ಎತ್ತಲೇ ಇಲ್ಲ. ಅವರು ಬಡತನದ ಮಾತು ಎತ್ತಿದ್ದು. ಇನ್ನೊಮ್ಮೆ ಓದಿ ನೋಡಿ.

ಕುಂಬ್ಳೆಯವಳು:
ಓದಿದೆ. ಎರಡು ಸಲ ಓದಿದೆ. ನಾಳೆ ಬರೆಯುತ್ತೇನೆ.

ಪ್ಲಸ್ ಟು ಪಾಸ್:
ಸೀತಾಂಗೋಳಿ ಅಣ್ಣ ಹೇಳಿದ್ದು ಮನಸ್ಸಿಗೆ ತಾಗಿತು. ಆದರೂ ಒಂದು ಮಾತು. ನಮ್ಮ ಕಾಲೇಜಿನಲ್ಲಿ ಈಗ ಅರ್ಧ ಜನ ಇನ್‌ಸ್ಟಾದಲ್ಲಿ ಥ್ರಿಫ್ಟ್ ಪೇಜ್ ನೋಡಿ ಕೊಳ್ಳುತ್ತಾರೆ. ಓಣಂ ಸೆಲೆಬ್ರೇಶನ್‌ಗೆ ಹಳೆ ಕಸವು ಸೀರೆಗೇ (ಜರಿ ಅಂಚಿನ ಕೇರಳ ಸೀರೆ) ಬೇಡಿಕೆ ಜಾಸ್ತಿ. ಯಾರೂ ಮುಚ್ಚಿಡುವುದಿಲ್ಲ, ಫೋಟೋ ಹಾಕಿ ಹೇಳುತ್ತಾರೆ. ಒಂದು ಕಾಟನ್ ಟೀಶರ್ಟ್ ಆಗಬೇಕಾದರೆ ಹತ್ತಿ ಬೆಳೆಯುವುದರಿಂದ ಹಿಡಿದು ಸುಮಾರು 2700 ಲೀಟರ್ ನೀರು ಬೇಕು ಅನ್ನುವ ಲೆಕ್ಕ ಇದೆ. ಇನ್ನೊಬ್ಬರು ಹಾಕಿದ್ದು ಗಟ್ಟಿ ಇದ್ದರೆ ಹಾಕುವುದರಲ್ಲಿ ತಪ್ಪೇನು?

ಪೆರ್ಲದ ಅಡಕೆ ಮಾವ:
ತಡಿ ತಡಿ, 2700 ಲೀಟರಾ? ನಮ್ಮಲ್ಲಿ ಒಂದು ಅಡಕೆ ಮರಕ್ಕೆ ಒಂದು ಸಲಕ್ಕೆ 175 ಲೀಟರ್ ಲೆಕ್ಕ. ಅಂದರೆ ಒಂದು ಟೀಶರ್ಟ್ ಹದಿನೈದು ಮರದ ನೀರು ಕುಡಿಯುತ್ತದೆ. ಮಾರ್ಚ್ ತಿಂಗಳಲ್ಲಿ ಕೆರೆಗೆ ಇಳಿದು ನೋಡುವವನಿಗೆ ಈ ಲೆಕ್ಕ ಸರಿಯಾಗಿ ಅರ್ಥ ಆಗುತ್ತದೆ. ಮೊಮ್ಮಗನ ಕಪಾಟಿನಲ್ಲಿ ಇಪ್ಪತ್ತು ಟೀಶರ್ಟ್ ಉಂಟು. ಅರ್ಧ ತೋಟ ಅಲ್ಲೇ ಮಡಚಿ ಇಟ್ಟಿದ್ದಾನೆ!

ಅದಿರಲಿ, ಆ ಅಂಗಡಿಯ ರಾಶಿ ಎಲ್ಲಿಂದ ಬರುತ್ತದೆ? ಸತ್ತವರ ಬಟ್ಟೆ ಅಂತ ನಮ್ಮ ಕಡೆ ಹೇಳುವುದುಂಟು.

ಉಪ್ಪಳ ಟೈಲರ್:
ಸತ್ತವರದ್ದು ಅನ್ನುವುದು ಅಜ್ಜಿ ಕತೆ. ಮೂವತ್ತು ವರ್ಷ ಮಿಷನ್ ತುಳಿದವ ನಾನು, ನೋಡಿದ್ದು ಹೇಳುತ್ತೇನೆ.

ಇಂಥ ಅಂಗಡಿಯಲ್ಲಿ ಮೂರು ಥರದ ಮಾಲು ಇರುತ್ತದೆ. ಒಂದು, ಹಳೆಯದೇ ಅಲ್ಲ. ತಿರುಪ್ಪೂರಿನ ಎಕ್ಸ್‌ಪೋರ್ಟ್ ರಿಜೆಕ್ಟ್. ಹೊಲಿಗೆ ಒಂದು ನೂಲು ತಪ್ಪಿರುತ್ತದೆ, ಲೇಬಲ್ ಕತ್ತರಿಸಿರುತ್ತಾರೆ. ಎರಡು, ನಮ್ಮ ದೇಶದ್ದೇ. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಸೀರೆ ಒಯ್ಯುವ ಹೆಂಗಸರು ಮೊದಲು ಬಾಗಿಲಿಗೆ ಬರುತ್ತಿದ್ದರಲ್ಲ, ಆ ಬಟ್ಟೆ. ದೆಹಲಿಯ ರಘುಬೀರ್ ನಗರದಲ್ಲಿ ಬೆಳಕು ಹರಿಯುವ ಮೊದಲೇ ಅದರ ಸಂತೆ ಸೇರುತ್ತದೆ. ಮೂರು, ಹೊರದೇಶದ್ದು. ಕಾಂಡ್ಲಾ ಬಂದರಿಗೆ ಬೇಲು ಬೇಲು ಬರುತ್ತದೆ. ಉಡಲು ಆಗುವ ಹಳೆ ಬಟ್ಟೆಯನ್ನು ಹಾಗೇ ಒಳಗೆ ತಂದು ಮಾರಲು ಸರಕಾರ ಬಿಡುವುದಿಲ್ಲ, ಕತ್ತರಿಸಿ ಚಿಂದಿ ಮಾಡಿದ್ದು ಮಾತ್ರ ಸಲೀಸು. ಉಣ್ಣೆಯದ್ದು ಪಾಣಿಪತ್‌ಗೆ ಹೋಗಿ ಪುನಃ ನೂಲಾಗಿ ಕಂಬಳಿ ಆಗುತ್ತದೆ. ಆದರೂ ಕೋಟು, ಜಾಕೆಟ್ ಇಡೀ ಇಡೀ ಪೇಟೆಯಲ್ಲಿ ಕಾಣುತ್ತದೆ. ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ.

ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಬಟ್ಟೆಯನ್ನು ತಿರುಗಿಸಿ ಒಳಗಿನಿಂದ ನೋಡಿ. ಪಕ್ಕದ ಹೊಲಿಗೆಯಲ್ಲಿ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ? ಒಂದು ಇಂಚು ಇದ್ದರೆ ದಪ್ಪ ಆದರೂ ಬಿಡಿಸಿ ಕೊಡಬಹುದು. ಈಗಿನ ರೆಡಿಮೇಡಲ್ಲಿ ಅರ್ಧ ಇಂಚೂ ಇರುವುದಿಲ್ಲ, ಓವರ್‌ಲಾಕ್ ಹೊಡೆದು ಕತ್ತರಿಸಿಬಿಡುತ್ತಾರೆ. ಆಮೇಲೆ ಬೆಳಕಿಗೆ ಹಿಡಿಯಿರಿ. ಮೊಣಕೈ, ಕಂಕುಳ, ಪ್ಯಾಂಟಾದರೆ ತೊಡೆಸಂದಿ, ತೆಳ್ಳಗಾಗಿದ್ದರೆ ಅಲ್ಲೇ ಬಿಡಿ. ಹಳೆ ರೇಷ್ಮೆ ಸೀರೆ ಹರಿಯುವುದು ಮಡಿಕೆಯಲ್ಲಿ. ಮಡಿಕೆಯ ಮೇಲೆ ಬೆರಳಿಟ್ಟು ಮೆಲ್ಲ ಎಳೆಯಿರಿ, ಚರ್ ಅಂದರೆ ಅಂಗಡಿಯವನಿಗೇ ನಮಸ್ಕಾರ. ನುಸಿಗುಳಿಗೆ ವಾಸನೆ ಒಗೆದರೆ ಹೋಗುತ್ತದೆ, ಬೂಸಲು ವಾಸನೆ ಹೋಗುವುದಿಲ್ಲ. ನಮ್ಮ ಕಡೆಯ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಂತೂ ದುಪ್ಪಟ್ಟು ಆಗುತ್ತದೆ.

ಸೀತಾಂಗೋಳಿಯವರ ಮಾತು ನನಗೂ ಗೊತ್ತು. ನನ್ನ ಹತ್ತಿರ ಆಲ್ಟ್ರೇಷನ್‌ಗೆ ಬರುವವರಲ್ಲಿ ಕೆಲವರು "ತಮ್ಮನದ್ದು" ಅಂತ ಹೇಳಿ ಕೊಡುತ್ತಾರೆ. ನಾನು ಅಳತೆ ತೆಗೆಯುವಾಗ ಕೇಳುವುದಿಲ್ಲ. ಕಿಸೆಯನ್ನು ಮಾತ್ರ ಯಾವಾಗಲೂ ಬಿಚ್ಚಿ, ಬೇರೆ ಬಟ್ಟೆ ಹಾಕಿ ಹೊಲಿದು ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಸೀತಾಂಗೋಳಿ:
ಟೈಲರಣ್ಣ, ನೀವು ನಮ್ಮೂರಲ್ಲಿ ಆಗ ಇರಬೇಕಿತ್ತು.

ಮಗ್ಗದ ಮನೆ:
ಎಲ್ಲರೂ ಹಳೆಯದು ಕೊಂಡರೆ ನೇಯುವವರು ಎಲ್ಲಿಗೆ ಹೋಗಬೇಕು? ನಮ್ಮ ಕಾಸರಗೋಡು ಸೀರೆಗೆ ಜಿಐ ಗುರುತು, ಅಂದರೆ ಈ ಊರಿನದ್ದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ. 1938ರಿಂದ ನೇಕಾರರ ಸಹಕಾರಿ ಸಂಘ ಇದೆ. ಮಗ್ಗದಲ್ಲಿ ಕೂರುವವರು ಮಾತ್ರ ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಒಂದು ಸೀರೆ ಇಳಿಯಲು ದಿನಗಟ್ಟಲೆ ಬೇಕು. ಬಣ್ಣ ಬಿಡುವುದಿಲ್ಲ, ಗಂಜಿ ಹಾಕಿ ಉಟ್ಟರೆ ಇಪ್ಪತ್ತು ವರ್ಷ ಬಾಳುತ್ತದೆ. ವರ್ಷಕ್ಕೆ ಒಂದು ಹಬ್ಬ. ಅವತ್ತಾದರೂ ಊರಿನ ಒಬ್ಬರ ಕೈಗೆ ದುಡ್ಡು ಹೋಗಲಿ. ಓಣಂ ಹೊತ್ತಿಗೆ ರಿಬೇಟ್ ಕೂಡ ಇರುತ್ತದೆ.

ಪ್ಲಸ್ ಟು ಪಾಸ್:
ಇಪ್ಪತ್ತು ವರ್ಷ ಬಾಳುತ್ತದೆ ಅಂತ ನೀವೇ ಹೇಳಿದಿರಿ. ಅಂದರೆ ಒಬ್ಬರು ಉಟ್ಟು ಬೇಸರ ಬಂದ ಮೇಲೆ ಇನ್ನೊಬ್ಬರಿಗೆ ಹತ್ತು ವರ್ಷ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮಾರಾಟ ಆಗುವುದು ನಿಮ್ಮಂಥ ಸೀರೆಯೇ. ಮೂರು ಒಗೆತಕ್ಕೆ ಜಾಲರಿ ಆಗುವ ಬಟ್ಟೆಯನ್ನು ಎರಡನೇ ಸಲ ಯಾರು ಕೊಳ್ಳುತ್ತಾರೆ? ನಿಮ್ಮ ಶತ್ರು ಹಳೆ ಬಟ್ಟೆ ಅಲ್ಲ, 199 ರೂಪಾಯಿಯ ಹೊಸ ಬಟ್ಟೆ.

ಮಗ್ಗದ ಮನೆ:
ಮಾತು ಚೆನ್ನಾಗಿ ಆಡುತ್ತೀ. ನಿನ್ನ ಹತ್ತಿರ ನಮ್ಮ ಸೀರೆ ಒಂದಾದರೂ ಇದೆಯಾ?

ಪ್ಲಸ್ ಟು ಪಾಸ್:
ಅಮ್ಮನದ್ದಿದೆ. ಉಡುವುದು ನಾನು. ಸೆಕೆಂಡ್ ಹ್ಯಾಂಡ್ ಆಯಿತಲ್ವಾ?

ಮೊಗ್ರಾಲ್ ಹೊಳೆ:
ಇನ್ನೊಂದು ಮರೆತೆ. ಹುಟ್ಟಿದ ಮಗುವಿಗೆ ಮೊದಲ ಬಟ್ಟೆ ಯಾವುದು? ನಮ್ಮಲ್ಲೂ ನಿಮ್ಮಲ್ಲೂ ಹಳೆಯದೇ. ಅಜ್ಜಿಯ ಮೆತ್ತಗಿನ ಸೀರೆ ಹರಿದು ಸುತ್ತುತ್ತೇವೆ, ಇಲ್ಲ ಒಳ್ಳೆ ಬೆಳೆದ ಮಗುವಿನ ಅಂಗಿ ಕೇಳಿ ತರುತ್ತೇವೆ. ಹೊಸದು ಚುಚ್ಚುತ್ತದೆ ಅಂತ. ಅಷ್ಟು ದೊಡ್ಡ ದಿನಕ್ಕೇ ಹಳೆಯದು ಆಗುತ್ತದೆ.

ಮಡಿವಂತ:
ಇದನ್ನು ನನ್ನ ಹೆಂಡತಿ ನನ್ನ ಹಿಂದೆ ನಿಂತು ಓದಿ ನಗುತ್ತಿದ್ದಾಳೆ. ನಮ್ಮ ಮಗನಿಗೂ ಹಾಗೇ ಮಾಡಿದ್ದಂತೆ. ನಾನು ಆಗ ಹೊರಗೆ ಜಗಲಿಯಲ್ಲಿ ಜಾತಕದ ಗಳಿಗೆ ನೋಡುತ್ತಿದ್ದೆ.

ಕುಂಬ್ಳೆಯವಳು:
ನಿನ್ನೆ ಬರೆಯಲು ಆಗಲಿಲ್ಲ. ಸೀತಾಂಗೋಳಿಯವರು ಹೇಳಿದ ಮೇಲೆ ಅತ್ತೆಯ ಹತ್ತಿರ ಹೋಗಿ ಕೂತೆ. ಹಪ್ಪಳದ ಡಬ್ಬಿಯಲ್ಲಿ ಕಾಗದ ಬದಲಿಸುತ್ತಿದ್ದರು. ನಾನೂ ಕೈ ಹಾಕಿದೆ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅವರೇ ಶುರು ಮಾಡಿದರು.

ಮದುವೆಯಾದ ಮೊದಲ ದೀಪಾವಳಿಗೆ ಅವರ ಅತ್ತೆ ಸೀರೆ ಕೊಟ್ಟರಂತೆ. ಕಾಗದದಲ್ಲಿ ಸುತ್ತಿ, ಮೇಲೆ ಅರಿಶಿನ ಕುಂಕುಮ ಇಟ್ಟು. ಬಿಚ್ಚಿದರೆ ನಾದಿನಿ ಉಟ್ಟು ಬಿಟ್ಟ ಸೀರೆ. ಸೆರಗಿನ ಹತ್ತಿರ ಇಸ್ತ್ರಿ ಸುಟ್ಟ ಕಂದು ಗುರುತು, ವೀಳ್ಯದೆಲೆಯಷ್ಟು ದೊಡ್ಡದು. ಅದು ಒಳಗೆ ಹೋಗುವ ಹಾಗೆ ಸೆರಗು ಹೊದೆಯಲು ಅವತ್ತೇ ಕಲಿತರಂತೆ. ಬಡತನ ಇರಲಿಲ್ಲ ಆ ಮನೆಯಲ್ಲಿ, ನಾದಿನಿಗೆ ಅದೇ ಹಬ್ಬಕ್ಕೆ ಹೊಸದು ಬಂದಿತ್ತು. "ನಂಗೆ ಹಳೆಯದರ ಮೇಲೆ ಸಿಟ್ಟಿಲ್ಲ. ಕೊಟ್ಟ ರೀತಿ ಮರೆಯುವುದಿಲ್ಲ" ಅಂದರು. ಅತ್ತೆ ಸೆರಗನ್ನು ಯಾವಾಗಲೂ ಎಡಗೈಯಲ್ಲಿ ಒಳಗೆ ಮಡಚಿ ಹಿಡಿಯುತ್ತಾರೆ. ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಅಭ್ಯಾಸ ಅಂತ ಅಂದುಕೊಂಡಿದ್ದೆ.

ಆಗ ನಾನು ಹೇಳಿದೆ, ಹಾಗಾದರೆ ಈ ವರ್ಷ ಬೇಡ, ಎಲ್ಲರಿಗೂ ಹೊಸದೇ ತರುವ ಅಂತ. ಅದಕ್ಕೆ ಬೈಸಿಕೊಂಡೆ. "ಮಕ್ಕಳ ಆಟ ಯಾಕೆ ನಿಲ್ಲಿಸುತ್ತೀ" ಅಂದರು.

ಸೀತಾಂಗೋಳಿ:
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಮೇಲೆ ಖಾರ ಹೆಚ್ಚಾಯಿತು ಅಂತ ರಾತ್ರಿ ಅನಿಸಿತು. ಆದರೆ ಬರೆದದ್ದನ್ನು ಅಳಿಸುವುದಿಲ್ಲ. ಕೊಂಡು ತರುವುದು ಬೇರೆ, ಕೊಟ್ಟದ್ದನ್ನು ತೊಡುವುದು ಬೇರೆ. ನೀವು ಕೊಂಡು ತರುವವರು. ಇನ್ನೊಂದು ಕೇಳಲಾ? ಆ ಅಂಗಡಿಯಲ್ಲಿ 400 ರೂಪಾಯಿಯೇ ಜಾಸ್ತಿ ಅನ್ನುವ ಗಿರಾಕಿಗಳೂ ಇರುತ್ತಾರಲ್ಲ? ಇನ್‌ಸ್ಟಾದವರು ಬಂದ ಮೇಲೆ ಅಲ್ಲಿಯೂ ರೇಟು ಏರಿದೆ ಅಂತ ಕೇಳಿದ್ದೇನೆ.

ಕುಂಬ್ಳೆಯವಳು:
ಏರಿದೆ. ಮೊದಲ ವರ್ಷ ತಲೆಗೆ 250 ಸಾಕಾಗಿತ್ತು. ಮಕ್ಕಳ ಯೂನಿಫಾರ್ಮ್ ರಾಶಿಯ ಹತ್ತಿರ ಒಬ್ಬರು ಹೆಂಗಸು ಯಾವಾಗಲೂ ಸಿಗುತ್ತಾರೆ, ಮಾತಾಡಿಲ್ಲ. ನಾವು ಆ ರಾಶಿ ಮುಟ್ಟುವುದಿಲ್ಲ. ಅದು ದೊಡ್ಡ ವಿಷಯ ಅಂತ ಹೇಳುತ್ತಿಲ್ಲ, ಇದ್ದದ್ದು ಹೇಳಿದೆ.

ಪೆರ್ಲದ ಅಡಕೆ ಮಾವ:
ಹಾಗಾದರೆ ಕೊನೆಗೆ ಅಜ್ಜಿಯ ಹೆಸರಿನ ಚೀಟಿ ಹಾಕುತ್ತೀರಾ ಇಲ್ಲವಾ? ನನ್ನ ಓಟು ವಾಪಸ್ ತೆಗೆದುಕೊಳ್ಳಬೇಕಾ, ಅಷ್ಟು ಹೇಳಿ.

ಕುಂಬ್ಳೆಯವಳು:
ಅವರ ಚೀಟಿ ಇಲ್ಲ ಮಾವಾ. ಅವರಿಗೆ ಹೊಸದೇ, ಕಾಸರಗೋಡು ಸೀರೆ. ಮಗ್ಗದ ಮನೆಯವರು ಖುಷಿಪಡಿ. ಗುರುವಾರ ನಾನೂ ಅವರೂ ಹೋಗಿ ತರುತ್ತೇವೆ, ಬಣ್ಣ ಅವರೇ ಆರಿಸುತ್ತಾರಂತೆ. ಆದರೆ ಮಂಗಳೂರಿಗೂ ಬರುತ್ತಾರೆ. "ನಿಮಗೆ ಯಾರಿಗೂ ಬಟ್ಟೆ ನೋಡಲು ಬರುವುದಿಲ್ಲ, ಕನ್ನಡಿ ಅಂಗಿ ತಂದವರು" ಅಂತ ಹೇಳಿದ್ದಾರೆ. ಟೈಲರಣ್ಣ ಬರೆದದ್ದನ್ನು ಜೋರಾಗಿ ಓದಿ ಹೇಳಿದೆ. ಮಡಿಕೆಯ ಮೇಲೆ ಬೆರಳಿಟ್ಟು ಎಳೆಯುವುದು ಅವರಿಗೆ ಮೊದಲೇ ಗೊತ್ತಿತ್ತು.

ಒಂದು ತೊಂದರೆ. ಮಗ ಈಗ ಅಪ್ಪನ ಚೀಟಿ ತನಗೇ ಬರಬೇಕು ಅಂತ ಹಟ ಹಿಡಿದಿದ್ದಾನೆ. ಕೇಸರಿ ಬಣ್ಣ ಅಂತೆ. ದನವನ್ನು ಈ ಸಲ ಎಲ್ಲಿ ಕಟ್ಟುವುದು ಅಂತ ನೋಡಬೇಕು.

ಉಪ್ಪಳ ಟೈಲರ್:
ಆಲ್ಟ್ರೇಷನ್ ಇದ್ದರೆ ಹಬ್ಬಕ್ಕೆ ಹತ್ತು ದಿನ ಇರುವಾಗಲೇ ತನ್ನಿ ಅಕ್ಕಾ. ಒಗೆದು ಒಣಗಿಸಿಯೇ ತನ್ನಿ, ಹತ್ತಿ ಬಟ್ಟೆ ಮೊದಲ ಬಿಸಿನೀರಿಗೆ ಕುಗ್ಗುತ್ತದೆ, ಆಮೇಲೆ ಅಳತೆ ತಪ್ಪಿತು ಅಂತ ನನ್ನ ಮೇಲೆ ಹೇಳಬೇಡಿ. ಹಿಂದಿನ ದಿನ ಸಂಜೆ ತಂದರೆ ನಾನು ಅಂಗಡಿಯಲ್ಲಿ ಇರುವುದಿಲ್ಲ. ಮಿಷನ್ ಮುಚ್ಚಿ ನನ್ನ ಮಕ್ಕಳಿಗೆ ಬಟ್ಟೆ ತರಲು ಹೋಗಿರುತ್ತೇನೆ.

ನೈಟ್ ಡ್ಯೂಟಿ:
ಹೊಸದಾ, ಹಳೆಯದಾ?

ಉಪ್ಪಳ ಟೈಲರ್:
ರೆಡಿಮೇಡ್. ಅಪ್ಪ ಹೊಲಿದದ್ದು ಹಾಕಿದರೆ ಹಬ್ಬ ಅನಿಸುವುದಿಲ್ಲ ಅಂತೆ ಅವಕ್ಕೆ.